ನೈಟ್ರೈಟ್ ಪತ್ತೆಗೆ ನ್ಯಾನೋ ಲೇಪಿತ ಎಲೆಕ್ಟ್ರೋಡ್: ಕೊಡಗಿನ ಬಾವಿ, ಕೆರೆ, ತೋಟದ ನೀರು ಅಳೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾಜೆಕ್ಟ್ ಮಾಡುವ ಎಂ.ಎಸ್ಸಿ. ವಿದ್ಯಾರ್ಥಿಗಳು, ಕಾಲೇಜು ಪ್ರಯೋಗಾಲಯ ನೋಡಿಕೊಳ್ಳುವವರು, ತಮ್ಮ ತೋಟದ ಬಾವಿ ನೀರನ್ನು ತಾವೇ ಪರೀಕ್ಷಿಸಬೇಕೆನ್ನುವ ಬೆಳೆಗಾರರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ವಿಧಾನ ಇಷ್ಟೇ: ನೀರಿನಲ್ಲಿ ಅದ್ದಿದ ಎಲೆಕ್ಟ್ರೋಡಿನ ವೋಲ್ಟೇಜ್ ಏರಿಸುತ್ತ ಹೋದರೆ ಒಂದು ಹಂತದಲ್ಲಿ ನೈಟ್ರೈಟ್ ಉತ್ಕರ್ಷಿತವಾಗಿ ಕರೆಂಟ್ ಹರಿಯುತ್ತದೆ; ಆಗ ಗೆರೆಯಲ್ಲಿ ಏಳುವ ದಿಬ್ಬವೇ ‘ಪೀಕ್’, ಅದರ ಎತ್ತರದಿಂದ ನೈಟ್ರೈಟ್ ಎಷ್ಟೆಂದು ತಿಳಿಯುತ್ತದೆ. ಇಲ್ಲಿ ಹೇಳಿರುವ ವೋಲ್ಟೇಜ್‌ಗಳೆಲ್ಲ ಸಿಲ್ವರ್-ಸಿಲ್ವರ್ ಕ್ಲೋರೈಡ್ ರೆಫರೆನ್ಸ್ ಎಲೆಕ್ಟ್ರೋಡಿಗೆ (ಹೋಲಿಕೆಗೆಂದು ಇಡುವ, ವೋಲ್ಟೇಜ್ ಬದಲಾಗದ ಇನ್ನೊಂದು ಎಲೆಕ್ಟ್ರೋಡ್) ಹೋಲಿಸಿದವು.

ಇಷ್ಟು ಮಳೆ ಬೀಳುವ ಜಿಲ್ಲೆಯಲ್ಲಿ ನೀರಿಗೆ ನೈಟ್ರೈಟ್ ಎಲ್ಲಿಂದ ಬರುತ್ತದೆ?

ಹೂಮಳೆಯ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಹಿಂದೆ ಮುಂದೆ, ಮತ್ತೆ ಮಳೆಗಾಲ ಇಳಿದ ಮೇಲೆ ಕಾಫಿಗೆ ಹಾಕುವ ಯೂರಿಯಾ ಮಣ್ಣಿನಲ್ಲಿ ಮೊದಲು ಅಮೋನಿಯಂ ಆಗುತ್ತದೆ. ನೈಟ್ರೋಸೊಮೊನಾಸ್‌ನಂಥ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ನೈಟ್ರೋಬ್ಯಾಕ್ಟರ್‌ನಂಥವು ನೈಟ್ರೇಟ್ ಮಾಡುತ್ತವೆ. ಎರಡನೆಯ ಹಂತ ಸಾಮಾನ್ಯವಾಗಿ ಬೇಗ ನಡೆಯುವುದರಿಂದ ಒಳ್ಳೆಯ ನೀರಿನಲ್ಲಿ ನೈಟ್ರೈಟ್ ಬಹಳ ಕಡಿಮೆ ಇರುತ್ತದೆ. ಆಮ್ಲಜನಕ ಸಾಲದಾದಾಗ ಸರಪಳಿ ನಡುವೆ ನಿಂತುಬಿಡುತ್ತದೆ, ಇಲ್ಲವೇ ನೈಟ್ರೇಟ್ ಹಿಂದಕ್ಕೆ ತಿರುಗಿ ನೈಟ್ರೈಟ್ ಆಗುತ್ತದೆ. ಕೊಟ್ಟಿಗೆ ಅಥವಾ ಹಂದಿಗೂಡಿನ ಇಳಿಜಾರಿನಲ್ಲಿರುವ ಬಾವಿ, ಪಲ್ಪಿಂಗ್ ನೀರು (ಕಾಫಿ ಹಣ್ಣಿನ ಸಿಪ್ಪೆ ಸುಲಿದಾಗ ಬರುವ ನೀರು) ನಿಲ್ಲುವ ಹೊಂಡ, ಮೀನು ಹೆಚ್ಚಾಗಿ ಬಿಟ್ಟ ಕೆರೆ, ಈ ಮೂರು ಕಡೆ ಮೊದಲು ನೋಡಿ. ನೈಟ್ರೈಟ್ ಕಂಡಿತೆಂದರೆ ಮಾಲಿನ್ಯ ಹೊಸದು, ಹತ್ತಿರದ್ದು ಎಂದು ಅನುಮಾನಿಸಬೇಕು.

ಎಷ್ಟಿದ್ದರೆ ಅಪಾಯ?

ಕುಡಿಯುವ ನೀರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಮಿತಿ ಲೀಟರಿಗೆ 3 ಮಿ.ಗ್ರಾಂ. ನೈಟ್ರೈಟ್, ಅಂದರೆ ಸುಮಾರು 65 ಮೈಕ್ರೋಮೋಲಾರ್. ನೈಟ್ರೇಟಿಗೆ ಅದರ ಮಿತಿ 50 ಮಿ.ಗ್ರಾಂ., ಭಾರತದ ಕುಡಿಯುವ ನೀರಿನ ಮಾನದಂಡ ಐಎಸ್ 10500ರಲ್ಲಿ 45. ಎರಡೂ ಇದ್ದರೆ ಒಂದೊಂದನ್ನೂ ಅದರದರ ಮಿತಿಯಿಂದ ಭಾಗಿಸಿ ಕೂಡಿಸಬೇಕು. ಮೊತ್ತ 1 ದಾಟಬಾರದು. ನೈಟ್ರೈಟ್ ರಕ್ತದ ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣವನ್ನು ಉತ್ಕರ್ಷಿಸುತ್ತದೆ, ಆ ಹಿಮೋಗ್ಲೋಬಿನ್ ಆಮ್ಲಜನಕ ಹೊರಲಾರದು. ಬಾಟಲಿ ಹಾಲು ಕುಡಿಯುವ ಕೂಸುಗಳಿಗೆ ಅಪಾಯ ಎಲ್ಲರಿಗಿಂತ ಹೆಚ್ಚು. ಮೀನುಗಳಲ್ಲಿ ಇದೇ ಕಾರಣಕ್ಕೆ ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ಮಳೆನೀರೇ ತುಂಬಿದ, ಕ್ಲೋರೈಡ್ ಕಡಿಮೆಯಿರುವ ಕೆರೆಯಲ್ಲಿ ಮೀನಿಗೆ ನೈಟ್ರೈಟ್ ಬೇಗ ಏರುತ್ತದೆ.

ವರದಿ ಓದುವಾಗ ಒಂದು ಎಚ್ಚರ: ಕೆಲವರು ನೈಟ್ರೈಟ್ ಎಂದೇ ಬರೆಯುತ್ತಾರೆ, ಕೆಲವರು ಅದರೊಳಗಿನ ಸಾರಜನಕದ ತೂಕ ಬರೆಯುತ್ತಾರೆ. ಇವೆರಡರ ನಡುವೆ 3.3 ಪಟ್ಟು ವ್ಯತ್ಯಾಸವಿದೆ.

ಗ್ರೀಸ್ ಬಣ್ಣದ ಪರೀಕ್ಷೆ ಇದೆಯಲ್ಲ, ಎಲೆಕ್ಟ್ರೋಡ್ ಯಾಕೆ?

ಗ್ರೀಸ್ ಪರೀಕ್ಷೆ (ರಾಸಾಯನಿಕ ಹಾಕಿದಾಗ ನೈಟ್ರೈಟ್ ಇದ್ದರೆ ನೀರು ಗುಲಾಬಿಯಾಗುವ ಪರೀಕ್ಷೆ) ಒಳ್ಳೆಯದೇ. 1879ರಿಂದ ಬಳಕೆಯಲ್ಲಿದೆ, 540 ನ್ಯಾನೋಮೀಟರ್‌ನಲ್ಲಿ ಗುಲಾಬಿ ಬಣ್ಣವನ್ನು ಅಳೆದರೆ ಮುಗಿಯಿತು. ತಿಳಿ ನೀರಿಗೆ ಅದೇ ಸಾಕು. ನಿಮ್ಮ ಎಲೆಕ್ಟ್ರೋಡ್ ಸರಿಯಿದೆಯೇ ಎಂದು ತಾಳೆ ನೋಡಲೂ ಅದೇ ಬೇಕು. ತೊಂದರೆ ಬರುವುದು ಬಣ್ಣದ, ಕದಡಿದ ನೀರಿನಲ್ಲಿ. ಪಲ್ಪಿಂಗ್ ನೀರು ತಾನೇ ಕಂದು, ಮಳೆಗಾಲದ ತೊರೆಯ ನೀರು ಕೆಂಪು. ಎಲೆಕ್ಟ್ರೋಡಿಗೆ ಬಣ್ಣದ ಹಂಗಿಲ್ಲ, ಕೈಯಲ್ಲಿ ಹಿಡಿಯುವ ಪೊಟೆನ್ಷಿಯೋಸ್ಟಾಟ್ (ವೋಲ್ಟೇಜ್ ಕೊಟ್ಟು ಕರೆಂಟ್ ಅಳೆಯುವ ಉಪಕರಣ) ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ನಡೆಯುತ್ತದೆ, ಒಂದು ಅಳತೆಗೆ ಒಂದೆರಡು ನಿಮಿಷ ಸಾಕು.

ಬರಿಯ ಗ್ಲಾಸಿ ಕಾರ್ಬನ್ ಸಾಲದೇ? ನ್ಯಾನೋ ವಸ್ತು ಏನು ಮಾಡುತ್ತದೆ?

ನೈಟ್ರೈಟ್ ಒಂದು ಎಲೆಕ್ಟ್ರಾನ್ ಕಳೆದುಕೊಂಡು ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಅದರ ಎರಡು ಅಣುಗಳು ನೀರಿನೊಡನೆ ಸೇರಿ ಒಂದು ನೈಟ್ರೇಟ್, ಒಂದು ನೈಟ್ರೈಟ್ ಕೊಡುತ್ತವೆ. ಕೊನೆಯ ಲೆಕ್ಕದಲ್ಲಿ ಒಂದು ನೈಟ್ರೈಟಿಗೆ ಎರಡು ಎಲೆಕ್ಟ್ರಾನ್. ಬರಿಯ ಗ್ಲಾಸಿ ಕಾರ್ಬನ್ (ಗಾಜಿನಂತೆ ನಯವಾದ ಇಂಗಾಲದ ಎಲೆಕ್ಟ್ರೋಡ್) ಮೇಲೆ ಇದು ನಿಧಾನ. ಪೀಕ್ ಸ್ಥೂಲವಾಗಿ 0.9ರಿಂದ 1 ವೋಲ್ಟ್ ಹತ್ತಿರ, ಅಗಲವಾಗಿ, ಚಪ್ಪಟೆಯಾಗಿ ಬರುತ್ತದೆ. ಅಷ್ಟು ಮೇಲಕ್ಕೆ ಹೋದರೆ ನೀರಿನಲ್ಲಿರುವ ಬೇರೆ ವಸ್ತುಗಳೂ ಉತ್ಕರ್ಷಿತವಾಗತೊಡಗುತ್ತವೆ. ಚಿನ್ನದ ನ್ಯಾನೋ ಕಣ, ಕಾರ್ಬನ್ ನ್ಯಾನೋಟ್ಯೂಬ್ ಸೇರಿದರೆ ಪೀಕ್ 0.8 ವೋಲ್ಟ್ ಆಸುಪಾಸಿಗೆ ಇಳಿಯುತ್ತದೆ, ಚೂಪಾಗುತ್ತದೆ, ಎತ್ತರವೂ ಆಗುತ್ತದೆ. ಈ ಎತ್ತರದಲ್ಲಿ ಒಂದು ಪಾಲು ಕೇವಲ ಮೇಲ್ಮೈ ಹೆಚ್ಚಿದ್ದರಿಂದ ಬಂದದ್ದು, ಅದಕ್ಕೆ ವೇಗವರ್ಧನೆ ಎಂಬ ಹೆಸರು ಕೊಡಬೇಡಿ. ಪೀಕ್ ಎಷ್ಟು ಮಿಲಿವೋಲ್ಟ್ ಕೆಳಗೆ ಸರಿಯಿತು ಎಂಬುದನ್ನೂ ನೋಡಿ.

ಯಾವ ನ್ಯಾನೋ ವಸ್ತು ಆರಿಸಬೇಕು?

ಹೊಸಬರಿಗೆ ಕಾರ್ಬಾಕ್ಸಿಲ್ ಗುಂಪು ಇರುವ ಮಲ್ಟಿವಾಲ್ ನ್ಯಾನೋಟ್ಯೂಬ್, ಮೇಲೆ ವಿದ್ಯುತ್ತಿನಿಂದ ಕೂರಿಸಿದ ಚಿನ್ನ. ಗ್ರಾಫೀನ್ ಆಕ್ಸೈಡ್ ಕೂಡ ಆಗುತ್ತದೆ, ಆದರೆ ಅದನ್ನು ಎಲೆಕ್ಟ್ರೋಡ್ ಮೇಲೆ ಅಪಕರ್ಷಿಸುವ ಒಂದು ಹಂತ ಹೆಚ್ಚು. ಬೆಳ್ಳಿ ಬೇಡ, ನೀರಿನ ಕ್ಲೋರೈಡಿನ ಜೊತೆ ಅದರದೇ ಪೀಕ್ ಎದ್ದು ಗೊಂದಲ ಮಾಡುತ್ತದೆ. ನ್ಯಾನೋಟ್ಯೂಬನ್ನು ಕಾರ್ಬಾಕ್ಸಿಲ್ ಸಮೇತವೇ ಕೊಳ್ಳಿ. ಗಂಧಕಾಮ್ಲ-ನೈಟ್ರಿಕ್ ಆಮ್ಲದಲ್ಲಿ ಗಂಟೆಗಟ್ಟಲೆ ಕುದಿಸುವ ಕೆಲಸ ಫ್ಯೂಮ್ ಹುಡ್ ಸರಿಯಿಲ್ಲದ ಲ್ಯಾಬಿನಲ್ಲಿ ಮಾಡುವಂಥದ್ದಲ್ಲ.

ಎಲೆಕ್ಟ್ರೋಡ್ ಪಾಲಿಶ್ ಹೇಗೆ, ಸರಿಯಾಯಿತೆಂದು ಹೇಗೆ ತಿಳಿಯುವುದು?

ಕೆಟ್ಟ ಫಲಿತಾಂಶಗಳಲ್ಲಿ ಅರ್ಧಕ್ಕೆ ಕಾರಣ ಇಲ್ಲೇ ಇರುತ್ತದೆ, ಲೇಪನದಲ್ಲಲ್ಲ. ಪಾಲಿಶ್ ಬಟ್ಟೆಯ ಮೇಲೆ ಅಲ್ಯೂಮಿನಾ ಪುಡಿಗೆ ಡಿಸ್ಟಿಲ್ಡ್ ವಾಟರ್ ಬೆರೆಸಿ, ಗಂಧ ತೇಯುವಷ್ಟೇ ಹಗುರವಾಗಿ, ಎಲೆಕ್ಟ್ರೋಡನ್ನು ನೆಟ್ಟಗೆ ಹಿಡಿದು ಎಂಟರ ಆಕಾರದಲ್ಲಿ ಎರಡು ನಿಮಿಷ ಉಜ್ಜಿ. ಮೊದಲು 1 ಮೈಕ್ರಾನ್, ಆಮೇಲೆ 0.3, ಕೊನೆಗೆ 0.05. ಪ್ರತಿ ಗಾತ್ರಕ್ಕೂ ಬೇರೆ ಬಟ್ಟೆ. ಒಂದೇ ಬಟ್ಟೆಯಾದರೆ ಹಿಂದಿನ ದಪ್ಪ ಕಣ ಮತ್ತೆ ಗೀರುತ್ತದೆ. ಬಳಿಕ ಎಥನಾಲ್‌ನಲ್ಲಿ ಒಂದು ನಿಮಿಷ, ನೀರಿನಲ್ಲಿ ಒಂದು ನಿಮಿಷ ಸೋನಿಕೇಟ್ ಮಾಡಿ (ಶ್ರವಣಾತೀತ ಅಲೆಗಳ ತೊಟ್ಟಿಯಲ್ಲಿ ಅಲುಗಿಸಿ). ಅದಕ್ಕಿಂತ ಹೆಚ್ಚು ಬೇಡ, ಸುತ್ತಲಿನ ಪ್ಲಾಸ್ಟಿಕ್ ಸಡಿಲವಾಗಿ ದ್ರಾವಣ ಒಳಗೆ ಇಳಿಯುತ್ತದೆ. ಚೆನ್ನಾಗಿ ಪಾಲಿಶ್ ಆದ ಮೇಲ್ಮೈ ಕಪ್ಪು ಕನ್ನಡಿಯ ಹಾಗಿರುತ್ತದೆ, ಟ್ಯೂಬ್‌ಲೈಟಿನ ಬಿಂಬ ಅಂಚು ಒಡೆಯದೆ ಕಾಣಬೇಕು.

ಕಣ್ಣನ್ನೇ ನಂಬಬೇಡಿ. 0.1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ 5 ಮಿಲಿಮೋಲಾರ್ ಪೊಟ್ಯಾಸಿಯಂ ಫೆರಿಸಯನೈಡ್ ಹಾಕಿ, ಸೆಕೆಂಡಿಗೆ 50 ಮಿಲಿವೋಲ್ಟ್ ವೇಗದಲ್ಲಿ ಸೈಕ್ಲಿಕ್ ವೋಲ್ಟಮೆಟ್ರಿ (ವೋಲ್ಟೇಜನ್ನು ಏರಿಸಿ ಇಳಿಸಿ ಕರೆಂಟಿನ ಗೆರೆ ಬರೆಯುವ ವಿಧಾನ) ತೆಗೆಯಿರಿ. ಎರಡು ಪೀಕ್‌ಗಳ ಅಂತರ 60ರಿಂದ 80 ಮಿಲಿವೋಲ್ಟ್ ಒಳಗಿದ್ದರೆ ಮುಂದುವರಿಯಿರಿ. 100 ದಾಟಿದರೆ ಮತ್ತೆ ಪಾಲಿಶ್. 3 ಮಿ.ಮೀ. ವ್ಯಾಸದ ಎಲೆಕ್ಟ್ರೋಡಿಗೆ ರ‍್ಯಾಂಡಲ್ಸ್-ಶೆವ್ಚಿಕ್ ಸಮೀಕರಣದ ಪ್ರಕಾರ ಪೀಕ್ ಕರೆಂಟ್ ಸುಮಾರು 59 ಮೈಕ್ರೋಆಂಪಿಯರ್ ಬರಬೇಕು. 40 ಬಂದರೆ ಮೇಲ್ಮೈಯ ಒಂದು ಭಾಗ ಮುಚ್ಚಿಹೋಗಿದೆ ಅಥವಾ ಗುಳ್ಳೆ ಕೂತಿದೆ ಎಂದರ್ಥ.

ಲೇಪನ ಹಚ್ಚುವ ಕ್ರಮ ಹೇಳಿ.

1. ನೀರಿನಲ್ಲಿ 1 ಶೇಕಡಾ ಅಸೆಟಿಕ್ ಆಮ್ಲ ಮಾಡಿ, ಅದರಲ್ಲಿ 0.5 ಶೇಕಡಾ ಕೈಟೋಸಾನ್ (ನ್ಯಾನೋಟ್ಯೂಬನ್ನು ಹಿಡಿದಿಡುವ ಪಾಲಿಮರ್) ಕರಗಿಸಿ. ರಾತ್ರಿಯಿಡೀ ತಿರುಗುತ್ತಿರಲಿ, ಬೆಳಿಗ್ಗೆ ಸೋಸಿ.
2. ಇದರ 1 ಮಿ.ಲೀ.ಗೆ 1 ಮಿ.ಗ್ರಾಂ. ನ್ಯಾನೋಟ್ಯೂಬ್ ಹಾಕಿ 30 ನಿಮಿಷ ಸೋನಿಕೇಟ್ ಮಾಡಿ. ಸೋನಿಕೇಟರ್ ತೊಟ್ಟಿಯ ನೀರು ಬಿಸಿಯಾಗದಂತೆ ಐಸ್ ಹಾಕುತ್ತಿರಿ. ದ್ರಾವಣ ಶಾಯಿಯಂತಾಗಬೇಕು, ಬಾಟಲಿ ಓರೆ ಮಾಡಿದರೆ ಗಾಜಿಗೆ ಕಾಳು ಅಂಟಬಾರದು.
3. 5 ಮೈಕ್ರೋಲೀಟರ್ ತೆಗೆದು ಎಲೆಕ್ಟ್ರೋಡಿನ ಕಪ್ಪು ವೃತ್ತದ ನಡುವೆ ಬಿಡಿ. ಹನಿ ವೃತ್ತ ದಾಟಿ ಬಿಳಿ ಪ್ಲಾಸ್ಟಿಕ್‌ಗೆ ಹರಿದರೆ ಒರೆಸಿ, ಹೊಸದಾಗಿ ಶುರು ಮಾಡಿ.
4. ಒಣಗಿದ ಮೇಲೆ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಎರಡು ನಿಮಿಷ ಅದ್ದಿ, ನೀರಿನಲ್ಲಿ ತೊಳೆಯಿರಿ. ಈ ಹಂತ ಬಿಟ್ಟರೆ ಪದರ ಬಫರಿನಲ್ಲಿ (ಪಿಎಚ್ ಸ್ಥಿರವಾಗಿಡುವ ದ್ರಾವಣ) ಕರಗಿ ತೇಲುತ್ತದೆ.
5. 0.1 ಮೋಲಾರ್ ಪೊಟ್ಯಾಸಿಯಂ ನೈಟ್ರೇಟಿನಲ್ಲಿ 0.5 ಮಿಲಿಮೋಲಾರ್ ಕ್ಲೋರೋಆರಿಕ್ ಆಮ್ಲ (ಚಿನ್ನದ ಸಂಯುಕ್ತ) ಮಾಡಿ, ಮೈನಸ್ 0.2 ವೋಲ್ಟಿನಲ್ಲಿ 60 ಸೆಕೆಂಡ್ ಇಡಿ. ಚಿನ್ನ ಕೂರುತ್ತದೆ. ಚೆನ್ನಾಗಿ ತೊಳೆಯಿರಿ.
6. ಬರಿಯ ಬಫರಿನಲ್ಲಿ 0.2ರಿಂದ 1 ವೋಲ್ಟ್ ತನಕ, ಗೆರೆಗಳು ಒಂದರ ಮೇಲೊಂದು ಕೂರುವವರೆಗೆ, 15-20 ಸುತ್ತು ಓಡಿಸಿ.

60 ಸೆಕೆಂಡಿನ ಬದಲು 300 ಇಟ್ಟರೆ ಚಿನ್ನ ಹೆಚ್ಚಾಗಿ ಫಲಿತಾಂಶ ಉತ್ತಮವಾಗುತ್ತದೆ ಎಂಬ ಭಾವನೆ ಇದೆ. ಆಗುವುದು ಬೇರೆ: ಕಣಗಳು ಒಂದಕ್ಕೊಂದು ಬೆಸೆದು ದಪ್ಪನಾಗುತ್ತವೆ, ಹಿನ್ನೆಲೆ ಕರೆಂಟ್ ಏರುತ್ತದೆ, ನೈಟ್ರೈಟಿನ ಪೀಕ್ ಅದರಲ್ಲಿ ಹೂತುಹೋಗುತ್ತದೆ.

ಕ್ಲೋರೋಆರಿಕ್ ಆಮ್ಲ ಬಾಟಲಿ ತೆರೆದ ಕೂಡಲೇ ಕರಗಿ ಅಂಟಾಯಿತು. ಹಾಳಾಯಿತೇ?

ಹಾಳಾಗಿಲ್ಲ, ಗಾಳಿಯ ತೇವ ಹೀರಿದೆ. ಜುಲೈ ತಿಂಗಳ ಮಡಿಕೇರಿಯಲ್ಲಿ ಇದನ್ನು ತೂಗಲು ಕೂತರೆ ತಕ್ಕಡಿಯ ಅಂಕಿ ನೋಡುತ್ತಿರುವಂತೆಯೇ ಏರುತ್ತದೆ. ತೂಗುವುದನ್ನೇ ಬಿಡಿ. 1 ಗ್ರಾಂ ಬಾಟಲಿ ಕೊಂಡು, ಒಳಗಿನದ್ದಷ್ಟನ್ನೂ ನೀರಿನಲ್ಲಿ ತೊಳೆದು ತೆಗೆದು 100 ಮಿ.ಲೀ. ಮಾಡಿ. ಟ್ರೈಹೈಡ್ರೇಟ್ ಆದರೆ ಅದು 25.4 ಮಿಲಿಮೋಲಾರ್. ಇದರ 0.2 ಮಿ.ಲೀ.ಯನ್ನು 10 ಮಿ.ಲೀ. ಮಾಡಿದರೆ ಬೇಕಾದ 0.5 ಮಿಲಿಮೋಲಾರ್ ಸಿಗುತ್ತದೆ. ಕಂದು ಬಾಟಲಿ, ಫ್ರಿಜ್. ಸ್ಟೀಲ್ ಚಮಚ ಮುಟ್ಟಿಸಬೇಡಿ: ಚಿನ್ನ ಚಮಚದ ಮೇಲೆ ಕಪ್ಪಾಗಿ ಕೂರುತ್ತದೆ, ಚಮಚದ ಕಬ್ಬಿಣ ದ್ರಾವಣಕ್ಕೆ ಇಳಿಯುತ್ತದೆ.

ಹನಿ ಒಣಗಿದ ಮೇಲೆ ಅಂಚಿನಲ್ಲಿ ಕಪ್ಪು ಬಳೆ, ನಡುವೆ ಖಾಲಿ. ಯಾಕೆ?

ಕಾಫಿ ಲೋಟ ಇಟ್ಟ ಜಾಗದಲ್ಲಿ ಉಳಿಯುವ ಕಲೆಯನ್ನು ನೋಡಿದವರಿಗೆ ಇದು ಹೊಸದಲ್ಲ. ವಿಜ್ಞಾನದಲ್ಲೂ ಇದರ ಹೆಸರು ಕಾಫಿ-ಬಳೆ ಪರಿಣಾಮವೇ. ಹನಿಯ ಅಂಚು ಮೇಲ್ಮೈಗೆ ಕಚ್ಚಿಕೊಂಡಿರುತ್ತದೆ, ಅಂಚಿನಲ್ಲಿ ನೀರು ಬೇಗ ಆರುತ್ತದೆ, ಆರಿದ್ದನ್ನು ತುಂಬಲು ನಡುವಿನ ನೀರು ಹೊರಗೆ ಹರಿಯುತ್ತದೆ, ಜೊತೆಗೆ ಕಣಗಳನ್ನೂ ಒಯ್ಯುತ್ತದೆ. ಹೇರ್ ಡ್ರೈಯರ್ ಅಥವಾ ಬಲ್ಬ್ ಇಟ್ಟು ಅವಸರ ಮಾಡಿದರೆ ಬಳೆ ಇನ್ನೂ ಗಾಢ. ಎಲೆಕ್ಟ್ರೋಡನ್ನು ತಲೆ ಮೇಲಾಗಿ ನಿಲ್ಲಿಸಿ, ಮೇಲೊಂದು ಬೀಕರ್ ಕವುಚಿ ಹಾಕಿ ನಿಧಾನವಾಗಿ ಒಣಗಿಸಿ. 5 ಮೈಕ್ರೋಲೀಟರನ್ನು 2.5ರಂತೆ ಎರಡು ಸಲ ಹಚ್ಚಿ. ಕೈಟೋಸಾನ್ ದ್ರಾವಣ ಮಂದವಾಗಿರುವುದರಿಂದ ಅದೂ ಹರಿವನ್ನು ತಡೆಯುತ್ತದೆ. ಮಳೆಗಾಲದಲ್ಲಿ ಬೀಕರಿನೊಳಗೆ ಸಿಲಿಕಾ ಜೆಲ್ ಇಡದಿದ್ದರೆ ಸಂಜೆಯಾದರೂ ಒಣಗುವುದಿಲ್ಲ, ಬೇಸಿಗೆಯಲ್ಲಿ ಅದು ಬೇಡ.

ಎಲ್ಲರೂ ನಫಿಯಾನ್ ಬಳಸುತ್ತಾರೆ, ನೀವು ಕೈಟೋಸಾನ್ ಯಾಕೆ ಹೇಳುತ್ತೀರಿ?

ನಫಿಯಾನ್ ಕೂಡ ಹಿಡಿದಿಡುವ ಪಾಲಿಮರೇ, ಆದರೆ ಅದರೊಳಗೆ ಋಣ ವಿದ್ಯುದಂಶದ ಸಲ್ಫೋನೇಟ್ ಗುಂಪುಗಳಿವೆ. ನೈಟ್ರೈಟೂ ಋಣ. ಬಾಗಿಲಲ್ಲೇ ತಳ್ಳಿಬಿಡುತ್ತದೆ. ಡೋಪಮೈನ್‌ನಂಥ ಧನ ಅಯಾನಿಗೆ ಒಳ್ಳೆಯದಾದದ್ದು ನೈಟ್ರೈಟಿಗೆ ಒಳ್ಳೆಯದಲ್ಲ. ಕೈಟೋಸಾನಿನ ಅಮೈನ್ ಗುಂಪುಗಳು ಪಿಎಚ್ 6.5ರ ಹತ್ತಿರ ಅರ್ಧದಷ್ಟು ಧನವಾಗಿದ್ದು ನೈಟ್ರೈಟನ್ನು ಒಳಕ್ಕೆ ಸೆಳೆಯುತ್ತವೆ. ಒಂದೇ ದೋಷ: ಆಮ್ಲೀಯ ದ್ರಾವಣದಲ್ಲಿ ನೈಟ್ರಸ್ ಆಮ್ಲ ಕೈಟೋಸಾನಿನ ಸರಪಳಿಯನ್ನೇ ತುಂಡರಿಸುತ್ತದೆ. ಹಾಗಾಗಿ ಪಿಎಚ್ 4ರಲ್ಲಿ ಈ ಎಲೆಕ್ಟ್ರೋಡ್ ಬಳಸಬೇಡಿ.

ಯಾವ ಬಫರ್, ಯಾವ ಪಿಎಚ್?

0.1 ಮೋಲಾರ್ ಫಾಸ್ಫೇಟ್, ಪಿಎಚ್ 6.5. ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಡೈಹೈಡ್ರೇಟ್ 3.12 ಗ್ರಾಂ 100 ಮಿ.ಲೀ.ಗೆ, ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ (ನೀರಿನಂಶವಿಲ್ಲದ್ದು) 2.84 ಗ್ರಾಂ ಇನ್ನೊಂದು 100 ಮಿ.ಲೀ.ಗೆ. ಮೊದಲನೆಯದು 68.5 ಮಿ.ಲೀ., ಎರಡನೆಯದು 31.5 ಮಿ.ಲೀ. ಬೆರೆಸಿದರೆ 0.2 ಮೋಲಾರ್, ನೀರು ಸೇರಿಸಿ 200 ಮಿ.ಲೀ. ಮಾಡಿದರೆ 0.1. ಪಿಎಚ್ ಮೀಟರಿನಲ್ಲಿ ನೋಡಿಯೇ ಬಳಸಿ. ನೈಟ್ರಸ್ ಆಮ್ಲದ ಪಿಕೆಎ (ಆಮ್ಲದ ಅರ್ಧ ಪಾಲು ಅಯಾನಾಗಿರುವ ಪಿಎಚ್) ಸುಮಾರು 3.3, ಪಿಎಚ್ ಅದರ ಹತ್ತಿರ ಇಳಿದರೆ ನೈಟ್ರೈಟ್ ತಾನಾಗಿ ಒಡೆದು ನೈಟ್ರಿಕ್ ಆಕ್ಸೈಡಾಗಿ ಗಾಳಿಗೆ ಹೋಗುತ್ತದೆ. ಮೇಲಕ್ಕೆ 8 ದಾಟಿದರೆ ಚಿನ್ನದ ಮೇಲೆ ಆಕ್ಸೈಡ್ ಬೇಗ ಕೂತು ಪೀಕ್ ಕುಗ್ಗುತ್ತದೆ.

ಉಪಕರಣದಲ್ಲಿ ಏನು ಅಂಕಿ ಹಾಕಬೇಕು?

ಡಿಫರೆನ್ಷಿಯಲ್ ಪಲ್ಸ್ ವೋಲ್ಟಮೆಟ್ರಿ (ವೋಲ್ಟೇಜನ್ನು ಸಣ್ಣ ಮಿಡಿತಗಳಲ್ಲಿ ಏರಿಸುತ್ತ ಅಳೆಯುವ ವಿಧಾನ): 0.4ರಿಂದ 1 ವೋಲ್ಟ್, ಪಲ್ಸ್ ಎತ್ತರ 50 ಮಿಲಿವೋಲ್ಟ್, ಅಗಲ 50 ಮಿಲಿಸೆಕೆಂಡ್, ಹೆಜ್ಜೆ 4 ಮಿಲಿವೋಲ್ಟ್. 1 ವೋಲ್ಟ್ ದಾಟಬೇಡಿ. ಕ್ಲೋರೈಡ್ ಇರುವ ನೀರಿನಲ್ಲಿ ಚಿನ್ನ ಕರಗತೊಡಗುತ್ತದೆ.

ಬಾವಿ ನೀರನ್ನು ನಿಜಕ್ಕೂ ಅಳೆಯುವುದು ಹೇಗೆ? ಲೆಕ್ಕ ಸಮೇತ ಹೇಳಿ.

ಡಿಸ್ಟಿಲ್ಡ್ ವಾಟರಿನಲ್ಲಿ ಎಷ್ಟು ನೈಟ್ರೈಟಿಗೆ ಎಷ್ಟು ಪೀಕ್ ಎಂಬ ಗೆರೆ ಎಳೆದು ಅದರ ಮೇಲೆ ಬಾವಿ ನೀರಿನ ಪೀಕ್ ಓದುವುದು ತಪ್ಪು. ಬಾವಿ ನೀರಿನಲ್ಲಿರುವ ಹ್ಯೂಮಿಕ್ ಪದಾರ್ಥ (ಕೊಳೆತ ಎಲೆ, ಮಣ್ಣಿನಿಂದ ಬರುವಂಥದ್ದು) ಎಲೆಕ್ಟ್ರೋಡಿನ ಸ್ಪಂದನೆಯನ್ನೇ ಕುಗ್ಗಿಸುತ್ತದೆ. ಅದೇ ನೀರಿಗೆ ಗೊತ್ತಿರುವ ನೈಟ್ರೈಟ್ ಸೇರಿಸುತ್ತ ಅಳೆಯಿರಿ.

ಸೋಡಿಯಂ ನೈಟ್ರೈಟನ್ನು ಡೆಸಿಕೇಟರಿನಲ್ಲಿ 24 ಗಂಟೆ ಇಟ್ಟು, 69 ಮಿ.ಗ್ರಾಂ. ತೂಗಿ 100 ಮಿ.ಲೀ. ಮಾಡಿ: 10 ಮಿಲಿಮೋಲಾರ್. ಫ್ರಿಜ್‌ನಲ್ಲಿಟ್ಟು ವಾರಕ್ಕೊಮ್ಮೆ ಹೊಸದು ಮಾಡಿ. ಸೆಲ್ಲಿಗೆ (ಎಲೆಕ್ಟ್ರೋಡುಗಳನ್ನು ಅದ್ದುವ ಪಾತ್ರೆ) 5 ಮಿ.ಲೀ. ಸೋಸಿದ ಬಾವಿ ನೀರು, 5 ಮಿ.ಲೀ. 0.2 ಮೋಲಾರ್ ಬಫರ್. ಪೀಕ್ ಓದಿ. ಆ 10 ಮಿಲಿಮೋಲಾರ್ ನೈಟ್ರೈಟ್ ದ್ರಾವಣ 10 ಮೈಕ್ರೋಲೀಟರ್ ಹಾಕಿ ಕಲಕಿ, ಹತ್ತು ಸೆಕೆಂಡ್ ನಿಶ್ಚಲ ಬಿಟ್ಟು ಮತ್ತೆ ಓದಿ. ಹೀಗೆ ಮೂರು ಸಲ; ಪ್ರತಿ ಸಲವೂ ಸೆಲ್ಲಿನಲ್ಲಿ 10 ಮೈಕ್ರೋಮೋಲಾರ್ ಏರುತ್ತದೆ.

ಉದಾಹರಣೆಗೆ ಮೊದಲ ಪೀಕ್ 0.42 ಮೈಕ್ರೋಆಂಪಿಯರ್, ಆಮೇಲೆ 0.72, 1.02, 1.32 ಎಂದಿಟ್ಟುಕೊಳ್ಳಿ. ಇಳಿಜಾರು ಮೈಕ್ರೋಮೋಲಾರಿಗೆ 0.03. 0.42ನ್ನು 0.03ರಿಂದ ಭಾಗಿಸಿದರೆ ಸೆಲ್ಲಿನಲ್ಲಿ 14. ನೀರು ಎರಡರಷ್ಟು ತೆಳುವಾಗಿದೆ, ಆದ್ದರಿಂದ ಬಾವಿಯಲ್ಲಿ 28 ಮೈಕ್ರೋಮೋಲಾರ್. 46ರಿಂದ ಗುಣಿಸಿ ಸಾವಿರದಿಂದ ಭಾಗಿಸಿ: ಲೀಟರಿಗೆ ಸುಮಾರು 1.3 ಮಿ.ಗ್ರಾಂ.

ಆ ಪೀಕ್ ನೈಟ್ರೈಟಿನದೇ ಎಂದು ಖಾತ್ರಿ ಏನು?

ಇದು ಕೇಳಲೇಬೇಕಾದ ಪ್ರಶ್ನೆ. ಮೇಲೆ ಹೇಳಿದ, ಗೊತ್ತಿರುವ ನೈಟ್ರೈಟ್ (ಸ್ಟಾಂಡರ್ಡ್) ಸೇರಿಸುವ ವಿಧಾನ ಇಳಿಜಾರಿನ ತಪ್ಪನ್ನು ಸರಿಪಡಿಸುತ್ತದೆ, ಮೊದಲ ಪೀಕಿನ ಕೆಳಗೆ ಬೇರೆ ವಸ್ತು ಅಡಗಿದ್ದರೆ ಅದನ್ನು ಹಿಡಿಯುವುದಿಲ್ಲ. ಅದಕ್ಕೆ ಸಲ್ಫಾಮಿಕ್ ಆಮ್ಲದ ಪರೀಕ್ಷೆ ಮಾಡಿ. 10 ಮಿ.ಲೀ. ನೀರಿಗೆ 50 ಮಿ.ಗ್ರಾಂ. ಸಲ್ಫಾಮಿಕ್ ಆಮ್ಲ ಹಾಕಿ 10 ನಿಮಿಷ ಆಗಾಗ ಕುಲುಕಿ. ನೈಟ್ರೈಟ್ ಪೂರ್ತಿ ಸಾರಜನಕ ಅನಿಲವಾಗಿ ಹೋಗುತ್ತದೆ. 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಸುಮಾರು 0.5 ಮಿ.ಲೀ. ಹಾಕಿ ಆಮ್ಲ ತಣಿಸಿ, ಎಂದಿನಂತೆ ಬಫರ್ ಬೆರೆಸಿ ಅಳೆಯಿರಿ. ಈಗಲೂ ಪೀಕ್ ಉಳಿದರೆ ಅದು ನೈಟ್ರೈಟಲ್ಲ. ಅಷ್ಟನ್ನು ಮೊದಲ ಪೀಕಿನಿಂದ ಕಳೆಯಿರಿ. ನ್ಯಾನೋ ವಸ್ತು ಎಷ್ಟೇ ಹೊಸದಿರಲಿ, ಈ ಖಾಲಿ ಅಳತೆಯಿಲ್ಲದ ಅಂಕಿಯನ್ನು ನಂಬಿ ಯಾರ ಮನೆಯ ಬಾವಿ ಬಗ್ಗೆಯೂ ಮಾತಾಡಬಾರದು.

ಅಡ್ಡ ಬರುವ ವಸ್ತುಗಳು ಯಾವುವು?

ನೈಟ್ರೇಟ್, ಸಲ್ಫೇಟ್, ಕಾರ್ಬೊನೇಟ್, ಕ್ಯಾಲ್ಸಿಯಂ, ಮೆಗ್ನೀಸಿಯಂ ಸುಮ್ಮನಿರುತ್ತವೆ. ಸಲ್ಫೈಟ್, ಅಯೋಡೈಡ್, ಆಸ್ಕಾರ್ಬಿಕ್ ಆಮ್ಲ, ಫೆರಸ್ ಕಬ್ಬಿಣ ಉತ್ಕರ್ಷಣೆಯಾಗುತ್ತವೆ. ಹೊಸದಾಗಿ ಸೇದಿದಾಗ ತಿಳಿಯಾಗಿದ್ದು, ಕೊಡದಲ್ಲಿ ಇಟ್ಟ ಮೇಲೆ ಕೆಂಪಾಗುವ ನೀರಿನಲ್ಲಿ ಕಬ್ಬಿಣ ಇದೆಯೆಂದೇ ತಿಳಿಯಿರಿ.

ಪಲ್ಪಿಂಗ್ ನೀರಿನದೇ ಬೇರೆ ಕಥೆ. ಅದರಲ್ಲಿರುವ ಕ್ಲೋರೋಜೆನಿಕ್ ಆಮ್ಲದಂಥ ಫಿನಾಲುಗಳು ನೈಟ್ರೈಟಿಗಿಂತ ಬಹಳ ಕಡಿಮೆ ವೋಲ್ಟೇಜಿನಲ್ಲೇ ಉತ್ಕರ್ಷಿತವಾಗಿ, ಎಲೆಕ್ಟ್ರೋಡಿನ ಮೇಲೆ ಅಂಟು ಪದರವಾಗಿ ಕೂರುತ್ತವೆ. ಮೊದಲ ಸ್ಕ್ಯಾನಿನಲ್ಲಿ ದೊಡ್ಡ ಪೀಕ್, ಎರಡನೆಯದರಲ್ಲಿ ಅರ್ಧ, ಮೂರನೆಯದರಲ್ಲಿ ಏನೂ ಇಲ್ಲ ಎಂದಾದರೆ ಕಾರಣ ಇದೇ. 50 ಅಥವಾ 100 ಪಟ್ಟು ತೆಳು ಮಾಡಿ, ಒಂದು ಸ್ಕ್ಯಾನಿಗೆ ಒಂದು ಹೊಸ ಎಲೆಕ್ಟ್ರೋಡ್ ಬಳಸಿ. ಅಷ್ಟು ತೆಳು ಮಾಡಿದಾಗ ನೈಟ್ರೈಟ್ ಕಾಣದಿದ್ದರೆ ‘ಕಂಡುಬಂದಿಲ್ಲ’ ಎಂದು ಬರೆಯಿರಿ, ‘ಇಲ್ಲ’ ಎಂದಲ್ಲ.

ಮಾದರಿ ತರುವಾಗ ಏನು ಜಾಗ್ರತೆ?

ಬಾಟಲಿ ತುಂಬ ತುಂಬಿಸಿ, ಐಸ್ ಪೆಟ್ಟಿಗೆಯಲ್ಲಿ ಇಡಿ, 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ ಅದೇ ದಿನ ಅಳೆಯಿರಿ. 4 ಡಿಗ್ರಿಯಲ್ಲಿ ಇಟ್ಟರೂ 48 ಗಂಟೆ ದಾಟಬಾರದು. ಲೋಹ ಪರೀಕ್ಷೆಗೆ ಹಾಕುವಂತೆ ಆಮ್ಲ ಹಾಕಿದರೆ ನೈಟ್ರೈಟ್ ಹೋದಂತೆಯೇ. ನಳದ ಕ್ಲೋರಿನ್ ನೀರಿನಲ್ಲಿ ನೈಟ್ರೈಟ್ ಹುಡುಕಿ ಫಲವಿಲ್ಲ, ಕ್ಲೋರಿನ್ ಅದನ್ನು ಮೊದಲೇ ನೈಟ್ರೇಟ್ ಮಾಡಿರುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿದ ಬಾವಿಯೂ ಹಾಗೆಯೇ. ಯಾವಾಗ ಹಾಕಿದ್ದೆಂದು ಮನೆಯವರನ್ನು ಕೇಳಿ ಬರೆದುಕೊಳ್ಳಿ.

ಬೆಳಿಗ್ಗೆ 0.80 ವೋಲ್ಟಿನಲ್ಲಿದ್ದ ಪೀಕ್ ಸಂಜೆಗೆ 0.86ಕ್ಕೆ ಸರಿಯಿತು.

ಲೇಪನವನ್ನು ದೂರುವ ಮೊದಲು ರೆಫರೆನ್ಸ್ ನೋಡಿ. ಇನ್ನೊಂದು ರೆಫರೆನ್ಸ್ ಜೊತೆ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ಅದ್ದಿ ಮಲ್ಟಿಮೀಟರಿನಲ್ಲಿ ಅಳೆದರೆ ವ್ಯತ್ಯಾಸ ಕೆಲವೇ ಮಿಲಿವೋಲ್ಟ್ ಇರಬೇಕು. ಹೆಚ್ಚಿದ್ದರೆ ತುದಿಯ ಸಣ್ಣ ರಂಧ್ರಗಳ ಗಾಜಿನ ಬೆಣೆ ಕಟ್ಟಿಕೊಂಡಿದೆ, ಒಳಗೆ ಗುಳ್ಳೆ ನಿಂತಿದೆ ಅಥವಾ ಒಳದ್ರಾವಣ ಸೋರಿದೆ. ರಾತ್ರಿ ಒಣಗಲು ಬಿಡದೆ 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ಮುಳುಗಿಸಿಡಿ.

ಗ್ಲಾಸಿ ಕಾರ್ಬನ್ ಕೊಳ್ಳಲು ಹಣವಿಲ್ಲ.

ಗ್ರಾಫೈಟ್ ಪುಡಿ 70 ಪಾಲು, ಸಿಲಿಕೋನ್ ಎಣ್ಣೆ 30 ಪಾಲು ತೂಕದಲ್ಲಿ ತೆಗೆದು ಕಲ್ವದಲ್ಲಿ ಅರ್ಧ ಗಂಟೆ ಅರೆಯಿರಿ, ತಾಮ್ರದ ತಂತಿ ಇಟ್ಟ ಪ್ಲಾಸ್ಟಿಕ್ ಸಿರಿಂಜಿಗೆ ಒತ್ತಿ ತುಂಬಿ, ತುದಿಯನ್ನು ನಯವಾದ ಕಾಗದದ ಮೇಲೆ ಉಜ್ಜಿ. ಗ್ರಾಫೈಟಿನ ಒಂದು ಪಾಲಿಗೆ ಬದಲಾಗಿ ನ್ಯಾನೋಟ್ಯೂಬನ್ನೇ ಬೆರೆಸಬಹುದು. ಕೆಟ್ಟರೆ ಒಂದು ಮಿ.ಮೀ. ಹೊರತಳ್ಳಿ ಕತ್ತರಿಸಿದರೆ ಹೊಸ ಮೇಲ್ಮೈ. ಹಿನ್ನೆಲೆ ಕರೆಂಟ್ ಹೆಚ್ಚು, ಆದರೂ ಕಲಿಯಲು ಇದಕ್ಕಿಂತ ಒಳ್ಳೆಯದಿಲ್ಲ.

ಪತ್ತೆ ಮಿತಿ (ಕಾಣಬಲ್ಲ ಕನಿಷ್ಠ ಪ್ರಮಾಣ) ನ್ಯಾನೋಮೋಲಾರ್ ಬಂದರೆ ಮಾತ್ರ ಒಳ್ಳೆಯ ಕೆಲಸವೇ?

ಆರೋಗ್ಯದ ಮಿತಿ 65 ಮೈಕ್ರೋಮೋಲಾರ್ ಇರುವಾಗ 1 ಮೈಕ್ರೋಮೋಲಾರ್ ನೆಚ್ಚಿಕೆಯಿಂದ ಕಂಡರೆ ಕುಡಿಯುವ ನೀರಿಗೆ ಧಾರಾಳ ಸಾಕು. ಪತ್ತೆ ಮಿತಿ ತಿಳಿಯಲು ನೈಟ್ರೈಟ್ ಇಲ್ಲದ ಖಾಲಿ ದ್ರಾವಣವನ್ನು ಕನಿಷ್ಠ ಹತ್ತು ಸಲ ಅಳೆದು, ಅದರ ಪ್ರಮಾಣಿತ ವಿಚಲನದ ಮೂರು ಪಟ್ಟನ್ನು ಇಳಿಜಾರಿನಿಂದ ಭಾಗಿಸಿ. ಆ ಸಾಂದ್ರತೆಯ ದ್ರಾವಣವನ್ನು ಮಾಡಿ ಅಳೆದು ಪೀಕ್ ಕಾಣುತ್ತದೆಯೇ ನೋಡಿ. ಅದಕ್ಕಿಂತ ಹೆಚ್ಚಾಗಿ, ಬೇರೆ ಬೇರೆ ದಿನ ಮಾಡಿದ ಐದು ಎಲೆಕ್ಟ್ರೋಡುಗಳು ಒಂದೇ ನೀರಿಗೆ ಶೇಕಡಾ 5ರ ಒಳಗಿನ ವ್ಯತ್ಯಾಸದಲ್ಲಿ ಉತ್ತರ ಕೊಡುತ್ತವೆಯೇ ಎಂಬುದು ಮುಖ್ಯ.

ಉಳಿದ ದ್ರಾವಣ ಎಲ್ಲಿ ಚೆಲ್ಲುವುದು?

ಸಿಂಕಿಗೆ ಬೇಡ. ಇಲ್ಲಿಯ ಚರಂಡಿ, ತೋಡುಗಳಲ್ಲಿ ಹೆಚ್ಚಿನವು ಕೊನೆಗೆ ಕಾವೇರಿಗೇ ಸೇರುತ್ತವೆ. ಚಿನ್ನದ ದ್ರಾವಣಕ್ಕೆ ಬೇರೆ ಬಾಟಲಿ, ಫೆರಿಸಯನೈಡಿಗೆ ಬೇರೆ ಬಾಟಲಿ; ಫೆರಿಸಯನೈಡಿಗೆ ಆಮ್ಲ ಸೇರಲೇಬಾರದು. ನೈಟ್ರೈಟ್ ದ್ರಾವಣಗಳನ್ನು ಒಂದು ಬಕೆಟಿನಲ್ಲಿ ಕೂಡಿಡಿ. 1 ಗ್ರಾಂ ಸೋಡಿಯಂ ನೈಟ್ರೈಟಿಗೆ 2 ಗ್ರಾಂ ಸಲ್ಫಾಮಿಕ್ ಆಮ್ಲದ ಲೆಕ್ಕದಲ್ಲಿ, ಗಾಳಿಯಾಡುವ ಜಾಗದಲ್ಲಿ, ಚಿಟಿಕೆ ಚಿಟಿಕೆಯಾಗಿ ಹಾಕಿ. ಗುಳ್ಳೆ ಬರುತ್ತದೆ, ಅದು ಸಾರಜನಕ. ಬೇರೆ ಆಮ್ಲ ಸುರಿದರೆ ಕಂದು ಹೊಗೆ ಏಳುತ್ತದೆ, ಅದು ವಿಷ. ಗುಳ್ಳೆ ನಿಂತ ಮೇಲೆ ನೈಟ್ರೈಟ್ ಪಟ್ಟಿ ಅದ್ದಿ, ಬಣ್ಣ ಬಾರದಿದ್ದರೆ ಅಡುಗೆ ಸೋಡಾ ಹಾಕಿ ತಣಿಸಿ.

ಸೋಡಿಯಂ ನೈಟ್ರೈಟ್ ಬಾಟಲಿಯ ಮೇಲೆ ಕನ್ನಡದಲ್ಲೇ ‘ವಿಷ’ ಎಂದು ದೊಡ್ಡದಾಗಿ ಬರೆದು ಬೀಗ ಹಾಕಿಡಿ. ಕಣ್ಣಿಗೆ ಅದು ಅಡುಗೆ ಉಪ್ಪಿನ ಹಾಗೇ ಕಾಣುತ್ತದೆ, ಕೆಲವೇ ಗ್ರಾಂ ಜೀವ ತೆಗೆಯಬಲ್ಲದು. ಯಾರಾದರೂ ನುಂಗಿ ತುಟಿ, ಉಗುರು ನೀಲಿಯಾದರೆ ತಡಮಾಡದೆ ಆಸ್ಪತ್ರೆಗೆ ಒಯ್ದು, ನುಂಗಿದ್ದು ನೈಟ್ರೈಟ್ ಎಂದು ವೈದ್ಯರಿಗೆ ಮೊದಲೇ ಹೇಳಿ; ಇದಕ್ಕೆ ಕೊಡುವ ಮದ್ದು ಮಿಥಿಲೀನ್ ಬ್ಲೂ.